ಹಾಸಿಗೆ ಹಾಸಿದವರ್ಯಾರು?

ಸೇಡಂ ತಾಲೂಕಿನ ಕೋಡ್ಲಾದ ಕೇರಿಯಲ್ಲಿ ಒಂದು ಸಂಜೆ ನಾವು ನಾಲ್ಕೈದು ಜನ ಮಕ್ಕಳನ್ನು ಕೂಡಿಸಿಕೊಂಡು ಮಾತಾಡುತ್ತಿದ್ದೆವು. ಮುಂದೆ ಏನಾಗ್ತೀರಿ ಅಂತ ಕೇಳಿದೆವು. ಪಿಎಸ್‌ಐ, ನರ್ಸು, ಮಾಸ್ತರ ಎಲ್ಲ ಬಂತು. ಎಂಟನೇ ಇಯತ್ತೆಯ ಒಬ್ಬ ಹುಡುಗಿ ಎದ್ದು "ನಾ ಇಮಾನ ನಡಸ್ತೀನ್ರಿ ಸರ" ಅಂದಳು. ಮಕ್ಕಳು ನಕ್ಕವು. ನಾವೂ ನಕ್ಕೆವು.

ಮಕ್ಕಳ ನಗು ಅರ್ಥವಾಗುತ್ತದೆ ಗೆಳೆಯರೆ. ಆಕೆಯ ಅಪ್ಪ ಫರ್ಸಿ ಖಣಿಯಲ್ಲಿ ಕಲ್ಲು ಎಬ್ಬಿಸುವವ, ಅವ್ವ ತೊಗರಿ ಹೊಲದ ಕೂಲಿ. ಆದರೆ ಸಮಾನತೆಯ ಭಾಷಣ ಬಿಗಿಯಲು ಹೋದ ನಾವ್ಯಾಕೆ ನಕ್ಕೆವು? ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತ ನಮ್ಮೊಳಗೇ ಯಾರೋ ಅಂದರು. ಹಾಸಿಗೆಯನ್ನು ಗೇಣುದ್ದ ಹಾಸಿದವರ್ಯಾರು ಎಂದು ಆ ಗಾದೆ ಯಾವತ್ತೂ ಕೇಳಿಲ್ಲ.

ಹಾಗಂತ "ಕನಸು ಕಾಣವ್ವ, ಏನು ಬೇಕಾದ್ರೂ ಆಗ್ತಿ" ಅಂದು ಬಸ್ಸು ಹತ್ತಿ ಬರುವುದೂ ಮೋಸವೇ. ಲೆಕ್ಕ ಹೇಳದೆ ಆಸೆ ಹಚ್ಚುವವರು ಲಾಟರಿ ಮಾರುವವರ ಪೈಕಿ.

ಲೆಕ್ಕ ಹೀಗಿದೆ. ಪಿಯುಸಿಯಲ್ಲಿ ಭೌತಶಾಸ್ತ್ರ, ಗಣಿತ ಇರಬೇಕೆಂಬುದು ಬಹುಕಾಲದ ನಿಯಮ. ಕಣ್ಣು, ಕಿವಿ, ಎದೆ ಎಲ್ಲ ತಪಾಸಣೆಯಲ್ಲಿ ಪಾಸಾಗಬೇಕು. ದಿಕ್ಕು ಹಿಡಿಯುವ ವಿದ್ಯೆ, ಹವಾಮಾನ, ಕಾನೂನು, ಯಂತ್ರ ಎಲ್ಲದರ ಪರೀಕ್ಷೆ ಇಂಗ್ಲಿಷಿನಲ್ಲಿ. ರೇಡಿಯೋದಲ್ಲಿ ಮಾತಾಡುವುದಕ್ಕೂ ಬೇರೆ ಪರೀಕ್ಷೆ. 200 ತಾಸು ಹಾರಿದರೆ ವಾಣಿಜ್ಯ ಪೈಲಟ್ ಲೈಸೆನ್ಸು. ಅಷ್ಟೊತ್ತಿಗೆ ಖರ್ಚು ಅರ್ಧ ಕೋಟಿಯ ಆಸುಪಾಸು. ಕೈಗೆ ಲೈಸೆನ್ಸು ಬಂತೆಂದರೆ ನೌಕರಿ ಬಂತು ಎಂದಲ್ಲ. ಏರ್‌ಬಸ್ಸೋ ಬೋಯಿಂಗೋ, ಆಯಾ ವಿಮಾನಕ್ಕೆ ಪ್ರತ್ಯೇಕ ತರಬೇತಿ, ಅದಕ್ಕೆ ಮತ್ತೆ ಹತ್ತು ಲಕ್ಷದ ಮೇಲಿನ ಮಾತು. ಆಮೇಲೆ ಕಂಪನಿ ಕರೆದರೆ ಉಂಟು. ಕರೆಯದಿದ್ದರೆ ಸಾಲದ ಬಡ್ಡಿ ಮಾತ್ರ ಮೇಲೆ ಹಾರುತ್ತದೆ. ಏಳೂವರೆ ಲಕ್ಷ ದಾಟಿದ ಸಾಲಕ್ಕೆ ಬ್ಯಾಂಕು ಸಾಮಾನ್ಯವಾಗಿ ಅಡಮಾನ ಕೇಳುತ್ತದೆ. ಕೇರಿಯವರು ಏನನ್ನು ಅಡವಿಡಬೇಕು, ಜೋಪಡಿಯನ್ನೋ?

ಸರ್ಕಾರ ಕಣ್ಣು ಮುಚ್ಚಿ ಕೂತಿಲ್ಲ ಎನ್ನುತ್ತಾರೆ. ನಿಜ. ಪರಿಶಿಷ್ಟ ಜಾತಿಯ ವಿದ್ಯಾರ್ಥಿಗಳಿಗಾಗಿ 2007ರಲ್ಲಿ ಶುರುವಾದ ಕೇಂದ್ರದ ಉನ್ನತ ದರ್ಜೆ ಶಿಕ್ಷಣ ಯೋಜನೆಯಲ್ಲಿ ಪೈಲಟ್ ತರಬೇತಿಯೂ ಇತ್ತು. ಖಾಸಗಿ ಫ್ಲೈಯಿಂಗ್ ಕ್ಲಬ್ಬಿನ ಫೀಸಿಗೆ ವರ್ಷಕ್ಕೆ 3.72 ಲಕ್ಷ ರೂಪಾಯಿಯ ಮಿತಿ ಇಟ್ಟಿದ್ದರು. ಉಳಿದ ಲಕ್ಷಗಳು ಎಲ್ಲಿಂದ? ಬಾವಿಗೆ ಅರ್ಧ ಹಗ್ಗ ಕೊಟ್ಟು ನೀರು ಸೇದಿಕೋ ಅಂದ ಹಾಗೆ. ಶಾಲೆ ದೂರ ಎಂಬ ನೆಪವಂತೂ ಇಲ್ಲ. ಜಕ್ಕೂರಿನಲ್ಲಿ ದಶಕಗಳ ಹಿಂದೆಯೇ ಸರ್ಕಾರಿ ವೈಮಾನಿಕ ಶಾಲೆ ತೆರೆಯಿತು. ಕಲಬುರಗಿ ವಿಮಾನ ನಿಲ್ದಾಣ 2019ರ ನವೆಂಬರ್ 22ಕ್ಕೆ ಉದ್ಘಾಟನೆಯಾಯಿತು. 2021ರಲ್ಲಿ ಹಾರಾಟ ತರಬೇತಿ ಶಾಲೆಗಳಿಗೆಂದು ದೇಶದಲ್ಲಿ ಆರಿಸಿದ ಐದು ನಿಲ್ದಾಣಗಳಲ್ಲಿ ಅದೂ ಒಂದು. 371(ಜೆ) ನಮಗೆ ಸರ್ಕಾರಿ ನೌಕರಿಯಲ್ಲಿ ಪಾಲು ಕೊಟ್ಟಿತು, ಆದರೆ ಏರ್ ಇಂಡಿಯಾ 2022ರ ಜನವರಿಯಲ್ಲಿ ಟಾಟಾ ಕೈಗೆ ಹೋಯಿತು. ದೊಡ್ಡ ವಿಮಾನ ಕಂಪನಿಗಳೆಲ್ಲ ಖಾಸಗಿ, ಅಲ್ಲಿ ಮೀಸಲಾತಿಯ ಮಾತಿಲ್ಲ.

ರೊಕ್ಕ ಸಿಕ್ಕಿತೆಂದೇ ಇಟ್ಟುಕೊಳ್ಳಿ. ಅಲ್ಲಿಗೆ ಮುಗಿಯಿತೆ? 2025ರ ಜೂನ್‌ನಲ್ಲಿ ಪರಿಶಿಷ್ಟ ಜಾತಿಯ ತರಬೇತಿ ಪೈಲಟ್ ಒಬ್ಬರು ಬೆಂಗಳೂರಿನ ಪೊಲೀಸರಿಗೆ ದೂರು ಕೊಟ್ಟರು. ಗುರುಗ್ರಾಮದ ಸಭೆಯೊಂದರಲ್ಲಿ ಮೇಲಧಿಕಾರಿಗಳು ನೀನು ವಿಮಾನ ಹಾರಿಸಲು ಲಾಯಕ್ಕಿಲ್ಲ, ಹೋಗಿ ಚಪ್ಪಲಿ ಹೊಲಿ ಎಂಬರ್ಥದ ಮಾತಾಡಿದರೆಂಬುದು ದೂರು. ಕಂಪನಿ ಅದನ್ನು ಅಲ್ಲಗಳೆಯಿತು. ನಿಜ ಸುಳ್ಳು ಕಾನೂನು ತೀರ್ಮಾನಿಸಲಿ. ಸುದ್ದಿ ಓದಿದಾಗ ನಮ್ಮಲ್ಲಿ ಒಬ್ಬರಿಗೂ ಆಶ್ಚರ್ಯವಾಗಲಿಲ್ಲ, ಅದನ್ನಷ್ಟೇ ಇಲ್ಲಿ ದಾಖಲಿಸುತ್ತೇವೆ.

ನಮ್ಮ ಸಂಘಟನೆಯ ಗೆಳೆಯರೇ ಇನ್ನೊಂದು ಪ್ರಶ್ನೆ ಎತ್ತಿದರು. ಒಬ್ಬಳು ಪೈಲಟ್ ಆದರೆ ಕೇರಿಗೇನು ಬಂತು? ಅದೇ ಅರ್ಧ ಕೋಟಿಯಲ್ಲಿ ಎಷ್ಟು ಹುಡುಗರು ಬಿ.ಎಡ್. ಮುಗಿಸ್ಯಾರು? ಈ ಪ್ರಶ್ನೆಯನ್ನು ತಳ್ಳಿಹಾಕುವುದು ಸುಲಭವಲ್ಲ. ನಾವು ರಾತ್ರಿಯೆಲ್ಲ ಜಗಳಾಡಿದ್ದೇವೆ. 1913ರಲ್ಲಿ ಬರೋಡದ ಮಹಾರಾಜರ ವಿದ್ಯಾರ್ಥಿವೇತನ ಒಬ್ಬ ಹುಡುಗನ ಮೇಲೆ ಖರ್ಚಾಯಿತು. ಹತ್ತು ವರ್ಷ ಸೇವೆ ಮಾಡುವ ಕರಾರಿಗೆ ರುಜು ಹಾಕಿ ಅಮೆರಿಕಕ್ಕೆ ಹೋದವರು 1917ರಲ್ಲಿ ಬರೋಡಕ್ಕೆ ನೌಕರಿಗೆ ಬಂದಾಗ ಮಲಗಲು ಜಾಗ ಕೊಡುವವರಿಲ್ಲ. ಪಾರ್ಸಿಗಳ ಛತ್ರದಿಂದಲೂ ಬಾಬಾಸಾಹೇಬರನ್ನು ಹೊರಗಟ್ಟಿದರು. ಆ ಖರ್ಚು ವ್ಯರ್ಥವೆಂದು ಇವತ್ತು ಯಾರಾದರೂ ಅಂದಾರೆಯೆ? ಆದರೆ ಮೇಲೇರಿದ ಪ್ರತಿ ಮಗುವೂ ಅಂಬೇಡ್ಕರ್ ಆಗಿಯೇ ಸಾಲ ತೀರಿಸಬೇಕೆಂಬ ಷರತ್ತೂ ಅನ್ಯಾಯದ್ದೇ. ಗೌಡರ ಮಗ ಪೈಲಟ್ ಆದಾಗ ಊರಿಗೇನು ಕೊಟ್ಟಿ ಅಂತ ಯಾರೂ ಕೇಳುವುದಿಲ್ಲ. ಈ ಹುಡುಗಿಗೂ ಬರೀ ವಿಮಾನ ಹಾರಿಸಿ, ಸಂಬಳ ತಗೊಂಡು, ಸುಮ್ಮನೆ ಮನೆಗೆ ಬರುವ ಹಕ್ಕಿದೆ ಎಂಬಲ್ಲಿಗೆ ನಮ್ಮಲ್ಲಿ ಹೆಚ್ಚಿನವರು ಬಂದು ನಿಂತೆವು. ಇಬ್ಬರು ಇನ್ನೂ ಒಪ್ಪಿಲ್ಲ.

ಮರಳಿ ಕೋಡ್ಲಾಕ್ಕೆ ಹೋದೆವು. ಮೊದಲು ನಕ್ಕದ್ದಕ್ಕೆ ತಪ್ಪಾಯಿತೆಂದೆವು. ಆಮೇಲೆ ಲೆಕ್ಕವನ್ನೆಲ್ಲ ಮುಚ್ಚಿಡದೆ ಹೇಳಿದೆವು, 3.72 ಲಕ್ಷವನ್ನೂ, ಬೆಂಗಳೂರಿನ ದೂರನ್ನೂ. ಆಕೆ ನೋಟ್‌ಬುಕ್ಕಿನ ಕಡೇ ಹಾಳೆಯಲ್ಲಿ ಅಂಕಿ ಬರೆದುಕೊಂಡಳು. ಅವ್ವ ಬಾಗಿಲಲ್ಲಿ ನಿಂತು "ಇಷ್ಟು ರೊಕ್ಕ ಮನಷ್ಯಾರ ಬಲ್ಲಿ ಇರ್ತದೇನ್ರಿ?" ಅಂದಳು. ನಾವು ಏನೂ ಹೇಳಲಿಲ್ಲ. ಹುಡುಗಿಯೇ ತಲೆ ಎತ್ತಿ, "ರೊಕ್ಕದ್ದು ಆಮ್ಯಾಗ ನೋಡಮು. ಗಣಿತ ಯಾರು ಹೇಳಿಕೊಡ್ತೀರಿ ಸರ?" ಅಂತ ಕೇಳಿದಳು.

ನಮ್ಮಲ್ಲಿ ಬಿ.ಎಸ್ಸಿ. ಓದಿದ ಗೆಳೆಯನೊಬ್ಬ ಆಯಿತವಾರದ ಬಸ್ಸಿಗೆ ಬರುತ್ತೇನೆ ಅಂದ.