ಅರುಣನ ಲೆಕ್ಕ

ಹೆತ್ತವರನ್ನು ಬಿಡಿಸಿ ತರಲು ಮಾಯಾಲೋಕಕ್ಕೆ ಹೊರಡುವ ಹುಡುಗನ ಕಥೆ ಯಾವ ಮಗುವಿಗೆ ಬೇಡ? ಅಂಥ ಕಥೆಗಳಲ್ಲಿ ನಮಗೆ ಹತ್ತಿರದ್ದು ಗರುಡನದು. ಮಂಗಳಾದೇವಿಯ ನೆರಳಿನಲ್ಲಿರುವ ನಮ್ಮ ಬೋಳಾರದಲ್ಲಿ ಇದನ್ನು ಪುಸ್ತಕ ನೋಡಿಯೇ ಕಲಿಯಬೇಕೆಂದಿಲ್ಲ. ಯಕ್ಷಗಾನ, ತಾಳಮದ್ದಳೆ ಕೇಳಿ ಬೆಳೆದವರಿಗೆ ಕದ್ರು, ವಿನತೆಯರು ನೆರೆಮನೆಯ ಹೆಂಗಸರಿದ್ದಂತೆ. ನಾಗರಪಂಚಮಿಯ ದಿನ ನಾವು ತನು ಎರೆಯುವುದೂ ಆ ಕದ್ರುವಿನ ಮಕ್ಕಳಿಗೇ.

ಸವತಿಯರಿಬ್ಬರೂ ಉಚ್ಚೈಃಶ್ರವಸ್ಸೆಂಬ ಕುದುರೆಯ ಬಾಲದ ಬಣ್ಣದ ಮೇಲೆ ಪಣ ಕಟ್ಟಿದರು. ಕದ್ರು ತನ್ನ ಹಾವುಮಕ್ಕಳನ್ನು ಆ ಬಾಲಕ್ಕೆ ಕಪ್ಪುಕೂದಲಂತೆ ಅಂಟಿಸಿ ಗೆದ್ದಳು, ವಿನತೆ ದಾಸಿಯಾದಳು. ಹಾವುಗಳನ್ನು ಬೆನ್ನಮೇಲೆ ಹೊತ್ತು ತಿರುಗುತ್ತಿದ್ದ ಗರುಡ ಒಂದು ದಿನ, ಇವರ ಮಾತನ್ನು ನಾವೇಕೆ ಕೇಳಬೇಕೆಂದು ತಾಯಿಯನ್ನು ಕೇಳಿದ. ಅವಳು ಮುಚ್ಚಿಡದೆ ಹೇಳಿದಳು. ಬಿಡುಗಡೆಯ ಬೆಲೆ ಅಮೃತವೆಂದು ನಾಗಗಳು ಹೇಳಿದಾಗ ಅವನು ದೇವಲೋಕಕ್ಕೆ ಹಾರಿ, ಕಾವಲನ್ನೆಲ್ಲ ಮುರಿದು, ಕಲಶ ತಂದ. ತಾನು ಒಂದು ಹನಿಯನ್ನೂ ಕುಡಿಯಲಿಲ್ಲ. ಕಲಶ ದರ್ಭೆಯ ಮೇಲೆ ಇಳಿಯಿತು, ತಾಯಿಗೆ ಬಿಡುಗಡೆಯಾಯಿತು. ಹಾವುಗಳು ಸ್ನಾನ ಮಾಡಿ ಬರುವಷ್ಟರಲ್ಲಿ ಇಂದ್ರ ಅದನ್ನು ಮರಳಿ ಒಯ್ದ.

ನಾವೆಲ್ಲ ಇಲ್ಲಿಗೇ ಕೈಮುಗಿದು ಏಳುತ್ತೇವೆ. ನನ್ನನ್ನು ಕಾಡುವವನು ಇನ್ನೊಬ್ಬ ಮಗ.

ವಿನತೆಗೆ ಇದ್ದುದು ಎರಡು ಮೊಟ್ಟೆ. ಐನೂರು ವರ್ಷ ಕಳೆದು ಕದ್ರುವಿನ ಸಾವಿರ ಮಕ್ಕಳು ಹೊರಬಂದಾಗ ಇವಳಿಗೆ ತಡೆಯಲಾಗಲಿಲ್ಲ. ಸವತಿಯ ಮನೆ ತುಂಬಿದ್ದು ಕಂಡು ಒಂದು ಮೊಟ್ಟೆಯನ್ನು ಒಡೆದೇಬಿಟ್ಟಳು. ಸೊಂಟದಿಂದ ಕೆಳಗೆ ಇನ್ನೂ ಬೆಳೆಯದ ಅರುಣ ಹೊರಬಂದ. ದಾಸಿಯಾಗೆಂದು ಶಪಿಸಿದವನು ಅವನೇ. ಇನ್ನೊಂದು ಮೊಟ್ಟೆಯನ್ನು ಮುಟ್ಟದೆ ಇನ್ನೂ ಐನೂರು ವರ್ಷ ಕಾದರೆ ಆ ಮಗ ನಿನ್ನನ್ನು ಬಿಡಿಸುತ್ತಾನೆಂದು ದಾರಿ ತೋರಿಸಿದವನೂ ಅವನೇ. ರೆಕ್ಕೆ ಗರುಡನದು, ಬುದ್ಧಿಮಾತು ಅರುಣನದು. ಆದರೂ ತಾಯಿಯನ್ನು ಉಳಿಸಿದ ಮಗನೆಂದರೆ ಗರುಡನೊಬ್ಬನೇ.

ಅರುಣನನ್ನು ನಾನು ನಮ್ಮ ಊರಿನ ಎಷ್ಟೋ ಮನೆಗಳಲ್ಲಿ ಕಂಡಿದ್ದೇನೆ. ಹೆಚ್ಚಾಗಿ ಅವಳು ಹಿರಿಮಗಳು. ಶಾಲೆ ಬಿಡಿಸಿದರು, ಮಡಿಲಿಗೆ ಗೆರಸೆ ಬಂತು. ಎಲೆ ಕತ್ತರಿಸಿ, ಬೀಡಿ ಕಟ್ಟಿ, ಸಾಲ ತೀರಿಸಿ, ತಮ್ಮನನ್ನು ಓದಿಸಿದಳು. ತಮ್ಮ ಗಲ್ಫಿಗೆ ಹಾರಿದ, ಮನೆಗೆ ತಾರಸಿ ಬಂತು. ಮಗನಿಂದ ಉದ್ಧಾರವಾಯಿತೆಂದು ತಾಯಿ ಹೇಳುತ್ತಾಳೆ. ಒಳಗೆ ಅಕ್ಕ ಚಹಾ ಸೋಸುತ್ತಿರುತ್ತಾಳೆ.

ಹಾಗಾದರೆ ಮಕ್ಕಳು ಹೆತ್ತವರ ಕಷ್ಟಕ್ಕೆ ಆಗಬಾರದೇ? ಆಗಲಿ. ಗರುಡ ಆದನಲ್ಲ! ಆದರೆ ಅವನು ಪೂರ್ತಿ ಬಲಿತು ಹೊರಬಂದವನು. ಕಾರಣ ಕೇಳಿ ತಿಳಿದ, ಬೆಲೆಯನ್ನು ತಾನೇ ವಿಚಾರಿಸಿದ, ಮನಸ್ಸಿದ್ದು ಹೊರಟ. ಅದು ತ್ಯಾಗ. ಬಲಿಯುವ ಮೊದಲೇ ಚಿಪ್ಪು ಒಡೆಸಿಕೊಂಡ ಮಗುವಿನಿಂದ ಸಿಕ್ಕಿದ್ದನ್ನೂ ತ್ಯಾಗವೆಂದು ಕರೆದು ನಾವು ಸಮಾಧಾನ ಪಡುತ್ತೇವೆ. ಕೊಡುವುದೋ ಬಿಡುವುದೋ ಎಂದು ಆ ಮಗುವನ್ನು ಯಾರೂ ಕೇಳಿರುವುದಿಲ್ಲ.

ವಿನತೆ ಕೆಟ್ಟವಳಲ್ಲ. ಬಡತನವೂ ನೆರೆಮನೆಯ ತೊಟ್ಟಿಲೂ ಸೇರಿದರೆ ಯಾವ ತಾಯಿಯ ಕೈ ತಾನೇ ತಡೆದೀತು? ಅವಳ ದೊಡ್ಡತನವಿರುವುದು ಎರಡನೆಯ ಮೊಟ್ಟೆಯ ಮುಂದೆ ದಾಸಿಯಾಗಿ ದುಡಿಯುತ್ತಲೇ ಕಾದುದರಲ್ಲಿ. ಮಗನ ಪರಾಕ್ರಮಕ್ಕಿಂತ ಆ ಕಾಯುವಿಕೆ ನನಗೆ ಹೆಚ್ಚಿನದಾಗಿ ಕಾಣುತ್ತದೆ.

ಅರುಣ ಮುಂದೆ ಸೂರ್ಯನ ಸಾರಥಿಯಾದ. ಬೆಳಗಾಗುವಾಗ ಮೊದಲು ಕಾಣುವ ಕೆಂಪು ಅವನದೇ. ಮನೆಯಲ್ಲಿ ಗರುಡನನ್ನು ಹೊಗಳುವಾಗ ಒಳಗಿರುವ ಅಕ್ಕನ ಹೆಸರನ್ನೂ ಒಮ್ಮೆ ಹೇಳಿದರೆ ನಾವು ಕಳೆದುಕೊಳ್ಳುವುದೇನು?