ಒಂದೇ ತಟ್ಟೆಯ ಪಲಾವ್



ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಎಂಬಿಬಿಎಸ್ ಓದಲು ಉಜ್ಬೇಕಿಸ್ತಾನದ ಸಮರ್ಕಂದಕ್ಕೆ ಹೋಗಿದ್ದಾಳೆ. ಇಲ್ಲಿನ ಖಾಸಗಿ ಕಾಲೇಜುಗಳ ಶುಲ್ಕ ಕಟ್ಟಲಾಗದ ಎಷ್ಟೋ ಮನೆಗಳ ಮಕ್ಕಳು ಈಗ ಅತ್ತ ಹೊರಟಿದ್ದಾರೆ. "ಸಾಬರ ದೇಶಕ್ಕೆ ಹೆಣ್ಣುಮಗಳನ್ನ ಕಳಿಸ್ತೀರಾ?" ಎಂದು ಓಣಿಯಲ್ಲಿ ಕೇಳಿದವರಿದ್ದರು. ಅವರಲ್ಲಿ ನಮ್ಮವರೂ ಇದ್ದರು, ಮುಚ್ಚಿಡುವುದು ಬೇಡ.

ಮೊದಲ ವಾರವೇ ಅವಳ ಧ್ವನಿ ಸಂದೇಶ ಬಂತು. ಅಲ್ಲಿಯವರು ಎದೆಯ ಮೇಲೆ ಕೈಯಿಟ್ಟು ವಂದಿಸುತ್ತಾರಂತೆ. ರೊಟ್ಟಿಯನ್ನು ಬೋರಲು ಇಡಬಾರದಂತೆ, ಅದು ಅನ್ನಕ್ಕೆ ಅಗೌರವ. ಚಹಾ ಬಟ್ಟಲನ್ನು ತುಂಬಾ ತುಂಬಿಸುವುದಿಲ್ಲ. ಸ್ವಲ್ಪವೇ ಹಾಕಿದರೆ ಇನ್ನೂ ಕೂತಿರಿ, ಮತ್ತೆ ಹಾಕುತ್ತೇವೆ ಎಂದರ್ಥ. ಸಹಪಾಠಿಯ ಮನೆಯಲ್ಲಿ ದೊಡ್ಡ ತಟ್ಟೆಯ ತುಂಬ ಪಲಾವ್ ತಂದಿಟ್ಟು ಎಲ್ಲರೂ ಸುತ್ತ ಕೂತರಂತೆ. "ನನ್ನನ್ನೂ ಕೂರಿಸ್ಕೊಂಡ್ರು ಸರ್. ಒಂದೇ ತಟ್ಟೆ. ಯಾವ ಜನ ಅಂತ ಯಾರೂ ಕೇಳಲಿಲ್ಲ. ಇಲ್ಲಿ ಜಾತೀನೇ ಇಲ್ಲ."

ಇವಳ ಅಜ್ಜಿ ಹೋಟೆಲಿನ ಹೊರಗೆ ನಿಂತು ತೆಂಗಿನ ಚಿಪ್ಪಿನಲ್ಲಿ ಚಹಾ ಕುಡಿದವರು. ಆ ಮಾತು ಕೇಳಿ ನಾನು ಸ್ವಲ್ಪ ಹೊತ್ತು ಸುಮ್ಮನೆ ಕೂತೆ.

ಜಾತಿ ಕೇಳಿದ್ದು ಯಾರು ಗೊತ್ತೇ? ಹಾಸ್ಟೆಲಿನ ಭಾರತೀಯ ಮೆಸ್ಸಿನಲ್ಲಿ, ನಮ್ಮದೇ ದೇಶದ ಸೀನಿಯರ್. "ಸರ್‌ನೇಮ್ ಏನು?" ಎಂದು. ಹಿಂದೂಗಳು ಬೇರೆ ನಾಡಿಗೆ ಹೋದರೆ ಜಾತಿ ಜಗತ್ತಿನ ಸಮಸ್ಯೆಯಾಗುತ್ತದೆ ಎಂಬ ಕೇತ್ಕರರ ಮಾತನ್ನು ಬಾಬಾಸಾಹೇಬರು 1916ರಲ್ಲೇ ಕೊಲಂಬಿಯಾದ ತಮ್ಮ ಪ್ರಬಂಧದಲ್ಲಿ ಎತ್ತಿ ಹೇಳಿದ್ದರು.

ಈಗ ಪ್ರಶ್ನೆಗೆ ಬರೋಣ. ಮೊದಲ ನೋಟದಲ್ಲಿ ಕಂಡದ್ದು ಎಷ್ಟು ನಿಜ? ಬುದ್ಧರು ಹೇಳಿದ ಐದು ಸ್ಕಂಧಗಳಲ್ಲಿ ಸಂಜ್ಞೆಯೂ ಒಂದು, ಕಂಡದ್ದನ್ನು ಗುರುತಿಸಿ ಹೆಸರಿಡುವ ಮನಸ್ಸಿನ ಕೆಲಸ. 'ಸಾಬರ ದೇಶ' ಎಂಬುದೂ ಸಂಜ್ಞೆಯೇ, 'ಇಲ್ಲಿ ಜಾತಿಯೇ ಇಲ್ಲ' ಎಂಬುದೂ ಸಂಜ್ಞೆಯೇ. ಒಂದು ಭಯದಿಂದ ಹುಟ್ಟಿತು, ಇನ್ನೊಂದು ಸಮಾಧಾನದಿಂದ. ಆದರೆ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲು ನಾನು ಒಪ್ಪುವುದಿಲ್ಲ. ಅವಳು ಉಂಡು ಹೇಳಿದಳು, ಓಣಿಯವರು ಕೇಳಿ ಹೇಳಿದರು. ಕೇಳಿದ್ದನ್ನೇ ನಂಬಬೇಡಿ ಎಂದು ಬುದ್ಧರು ಕಾಲಾಮರಿಗೆ ಹೇಳಿದ್ದು ಇದನ್ನೇ. ಅಂದಹಾಗೆ, ಓಣಿಯವರು ಹೆದರಿದ ಆ ದೇಶದ ತೆರ್ಮೆಜ್ ಬಳಿ ಹಳೆಯ ಬೌದ್ಧ ವಿಹಾರವಿದೆ. ಅಲ್ಲಿ ಸಿಕ್ಕ ಬುದ್ಧಮೂರ್ತಿಯನ್ನು ತಾಷ್ಕೆಂಟಿನ ಮ್ಯೂಸಿಯಂನಲ್ಲಿ ಜೋಪಾನವಾಗಿ ಇಟ್ಟಿದ್ದಾರೆ.

ಹಾಗೆಂದು ಅವಳ ಮಾತನ್ನೂ ಪೂರ್ತಿ ಒಪ್ಪಲಾಗದು. 1934ರಲ್ಲಿ ಬಾಬಾಸಾಹೇಬರು ಸಂಗಾತಿಗಳೊಡನೆ ದೌಲತಾಬಾದ್ ಕೋಟೆಗೆ ಹೋದಾಗ, ಬಾಗಿಲ ಬಳಿಯ ಕೊಳದಲ್ಲಿ ಮುಖ ತೊಳೆದದ್ದಕ್ಕೆ ನೀರು ಮೈಲಿಗೆಯಾಯಿತೆಂದು ಕೂಗಾಡಿದವರು ಮುಸ್ಲಿಮರು. ಒಳಗೆ ನೀರು ಮುಟ್ಟದಂತೆ ಕಾಯಲು ಸಿಪಾಯಿಯನ್ನೂ ಜೊತೆಗೆ ಕಳಿಸಿದರು. ಸಮಾನತೆ ಧರ್ಮದಲ್ಲಿರುವುದು ಬೇರೆ, ಕೊಳದ ದಂಡೆಯಲ್ಲಿರುವುದು ಬೇರೆ.

ಇದನ್ನು ಅವಳಿಗೆ ಬರೆದು, ಅಲ್ಲಿ 'ಲ್ಯುಲಿ' ಎನ್ನುವ ಜನರಿದ್ದಾರೆ, ಗಮನಿಸು ಎಂದೆ. ಅವರು ತಮ್ಮನ್ನು ಮುಗಾತ್ ಎಂದು ಕರೆದುಕೊಳ್ಳುತ್ತಾರೆ. ಅವರೂ ಮುಸ್ಲಿಮರೇ. ಎಷ್ಟೋ ಕಾಲದ ಹಿಂದೆ ಭಾರತದ ಕಡೆಯಿಂದ ಹೋದವರು ಎಂಬ ಮಾತಿದೆ. ಭಿಕ್ಷೆಯವರೆಂದು ಉಳಿದವರು ದೂರವಿಡುತ್ತಾರೆ, ಅವರೊಡನೆ ಹೆಣ್ಣು ಗಂಡು ಕೊಟ್ಟು ತರುವುದು ಅಪರೂಪ.

ಎರಡು ವಾರ ಬಿಟ್ಟು ಮತ್ತೊಂದು ಸಂದೇಶ ಬಂತು. ಬಜಾರಿನಲ್ಲಿ ಒಬ್ಬ ಹೆಂಗಸು, ನಮ್ಮಲ್ಲಿ ಸಾಂಬ್ರಾಣಿ ಹಾಕುವ ಹಾಗೆ, ಒಣಗಿದ ಗಿಡದ ಹೊಗೆ ಹಾಕಿ ದೃಷ್ಟಿ ತೆಗೆದು ಕಾಸು ಕೇಳುತ್ತಿದ್ದಳಂತೆ. ಅಂಗಡಿಯವರು ಕೈಬೀಸಿ ಅಟ್ಟಿದರಂತೆ. "ನಿಮ್ಮ ಮನೆಯ ತಟ್ಟೆಗೆ ಇವರನ್ನ ಕರೀತೀರಾ ಅಂತ ಗೆಳತೀನ ಕೇಳಿದೆ ಸರ್. ನಕ್ಕು ಬೇರೆ ಮಾತು ತೆಗೆದಳು. ಮತ್ತೆ ಕೇಳ್ತೀನಿ. ಪಲಾವ್ ಊಟ ಮಾತ್ರ ಮರೆಯಲ್ಲ."

ಈ ಭಾನುವಾರ ವಿಹಾರದಲ್ಲಿ ಎರಡೂ ಸಂದೇಶಗಳನ್ನು ಕೇಳಿಸುತ್ತೇನೆ, ಅವಳೇ ಒಪ್ಪಿದ್ದಾಳೆ. ಓಣಿಯಲ್ಲಿ ಆ ಪ್ರಶ್ನೆ ಕೇಳಿದವರೂ ದಯವಿಟ್ಟು ಬನ್ನಿ.