ಚಾಕು ಹಿಡಿಯುವವರು ಯಾರು?

ಈದ್ ಹಬ್ಬದ ಮರುದಿನ ನಮ್ಮ ಮನೆಯಲ್ಲಿ ನೆಂಟರೆಲ್ಲ ಸೇರಿದ್ದರು. ಎಂಬಿಬಿಎಸ್ ಮುಗಿಸಿ ಹೌಸ್ ಸರ್ಜನ್ ಆಗಿರುವ ತಂಗಿಯ ಮಗಳನ್ನು ಮುಂದೇನು ಓದುತ್ತೀ ಎಂದು ಕೇಳಿದೆವು. 'ಸರ್ಜರಿ' ಎಂದಳು. "ಹೆಣ್ಣುಮಗಳಿಗೆ ಅದೆಲ್ಲ ಯಾಕೆ ಬೇಟಿ? ಚರ್ಮದ ಡಾಕ್ಟರಾದರೆ ಸಂಜೆ ಹೊತ್ತಿಗೆ ಮನೆಯಲ್ಲಿರಬಹುದು" ಎಂದೆವು. ಅವಳು ನಕ್ಕು, "ಮಾಮು, ನಡುರಾತ್ರಿ ನಿಮ್ಮ ಅಪೆಂಡಿಕ್ಸ್ ಒಡೆದರೆ ಚರ್ಮದ ಡಾಕ್ಟರನ್ನೇ ಕರೆಸೋಣವೇ?" ಎಂದಳು.

ನಮಗೆ ಉತ್ತರ ಹೊಳೆಯಲಿಲ್ಲ.

ಇಂದು ಸ್ನಾತಕೋತ್ತರ ಪರೀಕ್ಷೆಯಲ್ಲಿ ಮೇಲಿನ ರ‍್ಯಾಂಕ್ ಪಡೆದ ಅನೇಕರು ರೇಡಿಯಾಲಜಿ, ಚರ್ಮರೋಗದಂತಹ ವಿಭಾಗಗಳತ್ತ ಹೋಗುತ್ತಾರೆ. ಹೃದಯದ ಶಸ್ತ್ರಚಿಕಿತ್ಸೆ, ಮಕ್ಕಳ ಶಸ್ತ್ರಚಿಕಿತ್ಸೆಯ ಎಂ.ಸಿಎಚ್ ಸೀಟುಗಳು ವರ್ಷವರ್ಷವೂ ಖಾಲಿ ಉಳಿಯುತ್ತಿವೆ. ಎಂಬಿಬಿಎಸ್‌ಗೆ ಐದೂವರೆ ವರ್ಷ, ಎಂ.ಎಸ್.ಗೆ ಮೂರು, ಎಂ.ಸಿಎಚ್‌ಗೆ ಮತ್ತೆ ಮೂರು. ಅಷ್ಟರಲ್ಲಿ ಯೌವನವೇ ಕಳೆದಿರುತ್ತದೆ. ಇತ್ತ ಸುರಕ್ಷಿತ, ಕೈಗೆಟುಕುವ ಶಸ್ತ್ರಚಿಕಿತ್ಸೆ ಜಗತ್ತಿನ 500 ಕೋಟಿ ಜನರಿಗೆ ಸಿಗುತ್ತಿಲ್ಲವೆಂದು 2015ರಲ್ಲಿ ಲ್ಯಾನ್ಸೆಟ್ ಆಯೋಗ ಹೇಳಿತು.

ಹಾಗಾದರೆ ಸುಖದ ದಾರಿ ಹಿಡಿದ ವಿದ್ಯಾರ್ಥಿ ತಪ್ಪಿತಸ್ಥನೇ? ಸರಕಾರಿ ಸೀಟಿನಲ್ಲಿ ಓದಿದವನ ಮೇಲೆ ಜನರ ಋಣವಿದೆ, ನಿಜ. ಆದರೆ ಆ ಋಣವನ್ನು ಚಾಕು ಹಿಡಿದೇ ತೀರಿಸು ಎನ್ನಲಾಗದು. ಮನಸ್ಸಿಲ್ಲದ ಕೈ ನಮ್ಮ ಹೊಟ್ಟೆ ಕೊಯ್ಯುವುದು ನಮಗೂ ಬೇಡ. ಆಸಕ್ತಿ ಅವರದೇ ಆಗಿರಬೇಕು. ಅದು ಚಿಗುರುವುದೋ ಬಾಡುವುದೋ ಮಾತ್ರ ನಮ್ಮನ್ನೂ ಅವಲಂಬಿಸಿದೆ.

ಇದನ್ನು ಬರೆಯುವಾಗ ನಾಚಿಕೆಯಾಗುತ್ತದೆ. ಕೆಲವು ವರ್ಷಗಳ ಹಿಂದೆ ಆಪರೇಷನ್ ಆದ ರಾತ್ರಿಯೇ ನಮ್ಮ ಅಣ್ಣ ತೀರಿಕೊಂಡರು. ಅಪಾಯವಿದೆ ಎಂದು ತಿಳಿದೇ ನಾವು ಕಾಗದಕ್ಕೆ ಸಹಿ ಹಾಕಿದ್ದೆವು. ಆದರೂ ಗುಂಪಿನಲ್ಲಿ ನಿಂತು ಆ ಯುವ ಸರ್ಜನ್‌ಗೆ 'ಕೊಲೆಗಾರ' ಎಂದು ಕೂಗಿದವರಲ್ಲಿ ನಾವೂ ಇದ್ದೆವು. ಬೆಳಗಿನಿಂದ ನಿಂತೇ ಇದ್ದ ಆತ ಒಂದು ಮಾತೂ ಆಡಲಿಲ್ಲ. ಬಾಗಿಲ ಬಳಿ ನಿಂತು ಹೌಸ್ ಸರ್ಜನ್ ಹುಡುಗರು ಎಲ್ಲವನ್ನೂ ನೋಡುತ್ತಿದ್ದರು. ಅವರಲ್ಲಿ ಎಷ್ಟು ಜನ ಅಂದೇ ಸರ್ಜರಿಯ ಆಸೆ ಬಿಟ್ಟರೋ!

ವೈದ್ಯರ ಮೇಲಿನ ಹಲ್ಲೆ ತಡೆಯಲು ಕರ್ನಾಟಕದಲ್ಲಿ 2009ರ ಕಾಯಿದೆಯಿದೆ. ಕಾಯಿದೆ ಕೈಯನ್ನು ತಡೆದೀತು, ನಾಲಿಗೆಯನ್ನಲ್ಲ. ಸಾವಿರ ವರ್ಷಗಳ ಹಿಂದೆ ಕಾರ್ಡೋವಾದ ಅಲ್ ಝಹ್ರಾವಿ, ಅರಿಯದವರ ಚಾಕುವಿಗೆ ರೋಗಿಗಳು ಬಲಿಯಾದ ಪ್ರಸಂಗಗಳನ್ನು ಮುಂದಿನವರ ಎಚ್ಚರಿಕೆಗೆಂದು ಬರೆದಿಟ್ಟ. ಅಜ್ಞಾನವನ್ನೂ ನಿರ್ಲಕ್ಷ್ಯವನ್ನೂ ನಾವು ಪ್ರಶ್ನಿಸಲೇಬೇಕು. ಆದರೆ ತಿಳಿದವನು ಪ್ರಾಮಾಣಿಕವಾಗಿ ದುಡಿದೂ ಸೋತರೆ ಅದು ಅಪರಾಧವಲ್ಲ. ಈ ವ್ಯತ್ಯಾಸ ಅರಿಯದ ಸಮಾಜಕ್ಕೆ ಸರ್ಜನ್‌ಗಳು ಬೇಕೆಂದು ಕೇಳುವ ಹಕ್ಕೆಲ್ಲಿದೆ?

ಹೊರಡುವಾಗ ಸೊಸೆಯ ತಲೆಯ ಮೇಲೆ ಕೈಯಿಟ್ಟು, "ನಿನ್ನಿಷ್ಟದಂತೆ ಓದು ಬೇಟಿ" ಎಂದೆವು. ಅಂದು ಆ ಡಾಕ್ಟರಿಗೆ ಹೇಳಬೇಕಾಗಿದ್ದ ಮಾತು ಇನ್ನೂ ಬಾಕಿಯಿದೆ.